ಕಂತ್ರಿ ಹಾಡು

ಓದು ಕಡಿಮೆ ಇರುವವರ ಕಿವಿಗೆ ಒಂದು ಕೆಟ್ಟ ಗುಣವಿದೆ. ಗೊತ್ತಿಲ್ಲದ ಮಾತು ಬಿದ್ದರೆ ಸುಮ್ಮನಿರದೆ, ಗೊತ್ತಿರುವ ಮಾತೊಂದನ್ನು ಅದರ ಮೇಲೆ ಹೊದಿಸಿಬಿಡುತ್ತದೆ. ನಾನು ಓದಿದ್ದು ಮಂಡ್ಯದ ಕಡೆ, ಮೂರನೇ ಕ್ಲಾಸಿನವರೆಗೆ. ಆಮೇಲಿನದೆಲ್ಲ ಕಿವಿಯದೇ ಕಾರುಬಾರು. ಕೇಳಿದ್ದನ್ನು ಹಿಂದೆಮುಂದೆ ನೋಡದೆ ಸಾರುವುದಕ್ಕೆ ಬಾಯಿ ಇದ್ದೇ ಇದೆ.

ಅಮೆರಿಕದ ಸರಟೋಗಾದ ನಮ್ಮ ಮನೆಯಲ್ಲಿ ಆದದ್ದೂ ಇದೇ. ಹದಿನಾಲ್ಕು ವರ್ಷದ ಮೊಮ್ಮಗಳು ನೇಹಾ, ಸ್ಕೂಲಿನ ಹಾಡಿನ ಕಾರ್ಯಕ್ರಮಕ್ಕೆಂದು ಗಿಟಾರು ಹಿಡಿದು ಕೂತಿದ್ದಳು. ಸೊಸೆಯ ಗೆಳತಿಯರು ಕಾಫಿಗೆ ಬಂದಿದ್ದರು. ಒಬ್ಬಾಕೆ, "ಏನು ಹಾಡ್ತೀಯಾ ಪುಟ್ಟಿ?" ಎಂದಳು. "ಕಂಟ್ರಿ, ಆಂಟಿ" ಅಂದಿತು ಹುಡುಗಿ. ನನಗೆ ತಡೆಯಲಾಗಲಿಲ್ಲ. "ಥೂ! ಕಂತ್ರಿ ನಾಯಿ ಕೇಳಿದ್ದೆ, ಕಂತ್ರಿ ಬುದ್ಧಿ ಕೇಳಿದ್ದೆ. ಕಂತ್ರೀನ ರಾಗ ಹಾಕಿ ಬೇರೆ ಹಾಡ್ತಾರಾ?" ಆಂಟಿಯರು ಕಾಫಿ ನೆತ್ತಿಗೇರುವಂತೆ ನಕ್ಕರು. ನೇಹಾ ಕನ್ನಡ ಆಡುವುದು ಕಮ್ಮಿ, ಅರ್ಥ ಮಾಡಿಕೊಳ್ಳುವುದು ಜಾಸ್ತಿ, ಅದೇ ತೊಂದರೆ. ಗಿಟಾರನ್ನು ಚೀಲಕ್ಕೆ ತುರುಕಿ, "ಐ ಆಮ್ ನಾಟ್ ಸಿಂಗಿಂಗ್" ಎಂದು ಅಳುತ್ತಾ ಹೋಗಿ ಬಾಗಿಲು ಹಾಕಿಕೊಂಡಳು. ಕಾರ್ಯಕ್ರಮಕ್ಕೆ ಉಳಿದದ್ದು ಎರಡೇ ದಿನ.

"ಅತ್ತೆ, ಕಂಟ್ರಿ ಅಂದ್ರೆ ಇಲ್ಲಿಯ ಹಳ್ಳಿ ಕಡೆ ಹಾಡು. ನೀವೇ ಕೆಡಿಸಿದ್ದು, ನೀವೇ ಸರಿಮಾಡಿ" ಎಂದಳು ಸೊಸೆ. ತಪ್ಪಾಯಿತು ಅನ್ನುವುದು ನನಗೆ ಬಾರದ ವಿದ್ಯೆ. ಮಾರನೆಯ ದಿನ ಒಂದು ತಟ್ಟೆ ನಿಪ್ಪಟ್ಟು ಹಿಡಿದು ಅವಳ ಬಾಗಿಲು ತಟ್ಟಿದೆ. "ಅದೇನೇ ನಿನ್ನ ಹಾಡು, ಹೇಳು. ಬಾಯಿ ಮುಚ್ಕೊಂಡಿರ್ತೀನಿ."

"ಗಿಟಾರಲ್ಲಿ ತ್ರೀ ಕಾರ್ಡ್ಸ್ ನುಡಿಸಿದ್ರೆ ಸಾಕು ಅಜ್ಜಿ. ಆಮೇಲೆ ಒಂದು ಸ್ಟೋರಿ." ರೇಷನ್ ಕಾರ್ಡಾ ಎಂದು ಕೇಳಹೊರಟ ನಾಲಿಗೆಗೆ ನಿಪ್ಪಟ್ಟು ಅಡ್ಡ ಇಟ್ಟೆ. "ಬಿಟ್ಟು ಹೋದೋರು, ಹಳೇ ಟ್ರಕ್ಕು, ನಾಯಿ, ಅಮ್ಮ. ಸ್ವಲ್ಪ ಮೂಗಲ್ಲಿ ಎಳೀಬೇಕು, ಲೈಕ್, ಅಳು ಬರೋ ಥರ." ತಂತಿ ಜಗ್ಗಿ ಒಂದು ಸ್ವರವನ್ನು ಜಾರಿಸಿಯೂ ತೋರಿಸಿದಳು.

"ಇಷ್ಟೇನಾ? ಟ್ರಕ್ಕಿನ ಜಾಗಕ್ಕೆ ಎತ್ತಿನ ಗಾಡಿ ಕಟ್ಟು, ನಾಟಿ ಹಾಕೋವಾಗ ನಮ್ಮ ಹೆಂಗಸರು ಹಾಡ್ತಿದ್ದದ್ದೂ ಇದೇ. ಮೂಗಂತೂ ನಿಮ್ಮ ತಾತಂದು. ಆತ ನೆಗಡಿ ಇಲ್ಲದೆ ಹಾಡಿದ್ದೇ ಇಲ್ಲ."

"ಆದ್ರೆ ಅದು ಟ್ರೂ ಇರ್ಬೇಕು ಅಜ್ಜಿ. ನಂಗೆ ದುಃಖಾನೇ ಇಲ್ಲ. ಟೀಚರ್ ಫೇಕ್ ಅಂತಾರೆ."

"ನಿನ್ನೆ ನಾನು ಅಳಿಸಲಿಲ್ವೇನೇ? ಅದನ್ನೇ ಹಾಡು, ಹೋಗು."

ಹುಡುಗಿ ನನ್ನ ಮುಖವನ್ನೇ ನೋಡಿ ನಕ್ಕಿತು. ನಿಪ್ಪಟ್ಟಿನ ಮಹಿಮೆ ಅಂದುಕೊಂಡೆ.

ಶುಕ್ರವಾರ ಹಾಡಿಯೇ ಹಾಡಿದಳು. ಇಂಗ್ಲಿಷು ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಕೂತವರು ಒಂದು ಸಾಲಿಗೆ ನಗುತ್ತಿದ್ದರು, ಇನ್ನೊಂದು ಸಾಲಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರ ಮನೆಯ ಸಂಕಟವೋ ಪಾಪ ಎಂದು ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದೆ. ವಾಪಸ್ಸು ಬರುವಾಗ ಫ್ರೀವೇಯಲ್ಲಿ ಮಗ ಅರ್ಥ ಬಿಡಿಸಿ ಹೇಳಿದ. ಹಾಡಿನಲ್ಲಿ ಟ್ರಕ್ಕೂ ಇಲ್ಲ, ನಾಯಿಯೂ ಇಲ್ಲ. ಇರುವುದು ಒಬ್ಬ ಅಜ್ಜಿ. ಕಚ್ಚುವುದೂ ಅವಳೇ, ಕಚ್ಚಿದ ಮೇಲೆ ತಿಂಡಿ ತರುವುದೂ ಅವಳೇ.

"ಕಾರು ನಿಲ್ಸೋ!" ಅಂದೆ. ಫ್ರೀವೇಯಲ್ಲಿ ನಿಲ್ಲಿಸುವ ಹಾಗಿಲ್ಲವಂತೆ. ಹೊಡೆದ ಚಪ್ಪಾಳೆಯನ್ನು ವಾಪಸ್ಸು ತೆಗೆದುಕೊಳ್ಳುವ ಹಾಗೂ ಇಲ್ಲ.