ಗಂಗಿ ಮನೆಗೆ ಬಂದದ್ದು

ಮೊಬೈಲು ಸ್ಟ್ಯಾಂಡಿನಿಂದ ಜಾರಿ ಬೀಳಬಹುದು. ನಾವಿರುವ ತಾರ್ನಾಕದ ಮೇ ತಿಂಗಳ ಬಿಸಿಲಿಗೆ ಮಣ್ಣಿನ ಎಮ್ಮೆ ಬಿರುಕು ಬಿಡಬಹುದು. ಯಾರೋ ಮರೆತು ಫ್ಯಾನ್ ಹಾಕಿ, ಊಟದ ಮೇಜಿನ ಮೇಲೆ ಕಟ್ಟಿದ ಕಾಗದದ ಊರನ್ನೇ ಹಾರಿಸಿಬಿಡಬಹುದು. ತೆಗೆದ ಫೋಟೋಗಳೆಲ್ಲ ಅಳಿಸಿಹೋಗಬಹುದು. ಬಗ್ಗಿ ಬಗ್ಗಿ ನನ್ನ ಕುತ್ತಿಗೆ ಹಾಗೇ ನಿಂತುಬಿಡಬಹುದು. ಮನೆಯಲ್ಲೇ ಪುಟ್ಟದೊಂದು ಆನಿಮೇಷನ್ ಚಿತ್ರ ಮಾಡಲು ಹೊರಟ ದಿನ ಇಷ್ಟನ್ನೂ ಹೆಂಡತಿ ನಿರ್ಮಲೆಯ ಮುಂದೆ ಹೇಳಿಕೊಂಡೆ. "ಮೊದ್ಲ ಎಮ್ಮಿ ಮಾಡ್ರಿ, ಆಮ್ಯಾಲೆ ಹೆದರ್ರಿ" ಅಂದಳು.

ಎಮ್ಮೆ ನಮ್ಮತ್ತೆಯದು. ಬೀದರ್ ಕಡೆಯ ಹಳ್ಳಿಯಲ್ಲಿ ಅವರು ಸಾಕಿದ್ದ ಗಂಗಿ ಒಂದು ದಿನ ಮೇಯಲು ಹೋದದ್ದು ಹಿಂತಿರುಗಲೇ ಇಲ್ಲ. ಈಗ ನಮ್ಮೊಡನಿರುವ ಅತ್ತೆ ಆ ಕತೆಯನ್ನು ಎಷ್ಟೋ ಸಲ ಹೇಳಿದ್ದಾರೆ. ಚಿತ್ರ ಮಾಡುತ್ತೇವೆ ಎಂದಾಗ ಅವರು ಕೇಳಿದ್ದು ಒಂದೇ: "ಸಿನಿಮಾದಾಗರೆ ಅದನ್ನ ಮನೀಗಿ ಕರ್ಕೊಂಡು ಬರ್ರಿ, ಅಳಿಯಂದ್ರ."

ಎಮ್ಮೆಯನ್ನು ಎಳ್ಳಷ್ಟು ಸರಿಸುವುದು ನಾನು, ಫೋಟೋ ತೆಗೆಯುವುದು ನಿರ್ಮಲೆ. ಆ ಫೋಟೋಗಳನ್ನೆಲ್ಲ ಸಾಲಾಗಿ ಓಡಿಸಿದರೆ ಎಮ್ಮೆ ನಡೆದಂತೆ ಕಾಣುತ್ತದೆ. ಆದರೆ ಈ ಕೆಲಸ ಕತೆಯ ಕ್ರಮದಲ್ಲಿ ನಡೆಯುವುದಿಲ್ಲ. ಮನೆಯ ಬಾಗಿಲು ಮೊದಲು ಸಿದ್ಧವಾಯಿತು, ಹಾಗಾಗಿ ಗಂಗಿ ಮೊದಲು ಮನೆಗೆ ಬಂತು. ಅದು ಮೇಯಲು ಹೋಗುವ ಗುಡ್ಡದ ಬಣ್ಣ ಒಣಗುವ ತನಕ ಅದಕ್ಕೆ ಕಳೆದುಹೋಗಲಾಗಲಿಲ್ಲ. ಹುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ. ಅತ್ತೆ ಆಗಾಗ ಇಣುಕುತ್ತಿದ್ದರು.

"ಎಮ್ಮಿ ಬಂತೇನ್ರಿ?"

"ಹೋದ ವಾರವೇ ಬಂತಲ್ಲ ಅತ್ತೆ. ಇವತ್ತು ಕಳೆದುಹೋಗ್ತಾ ಇದೆ."

"ಬಂದಿದ್ದನ್ನ ಮತ್ತ್ಯಾಕ ಕಳೀತೀರಿ?"

ನಾನು ಬದುಕುವುದೂ ಹೀಗೆಯೇ. ಆಪತ್ತಿನ ಕೊನೆಯ ದೃಶ್ಯವನ್ನು ಮೊದಲೇ ನೋಡಿಬಿಟ್ಟು, ಅದು ಶುರುವಾಗುವುದನ್ನು ಕಾಯುತ್ತ ಕೂರುತ್ತೇನೆ.

ಚಿತ್ರ ಮುಗಿಸಿ ಭಾನುವಾರ ಟಿವಿಗೆ ಹಾಕಿದೆವು. ಏನೂ ಬಿದ್ದಿರಲಿಲ್ಲ, ಏನೂ ಬಿರಿದಿರಲಿಲ್ಲ. ಗಂಗಿ ಹುಟ್ಟಿತು, ಮೇಯಿತು, ಕಳೆದುಹೋಯಿತು. ಅತ್ತೆ ಸೆರಗಿನ ತುದಿ ಹಿಡಿದು ಕೂತಿದ್ದರು. ಕೊನೆಗೆ ಅದು ಅಂಗಳ ದಾಟಿ ಹೊಸ್ತಿಲ ಹತ್ತಿರ ಬಂದಾಗ ತೆರೆಯ ತುಂಬ ಏನೋ ಮಿಂಚಿ ಮರೆಯಾಯಿತು.

"ಅದ್ಯಾರ ಕೈರಿ?" ಅಂದರು ಅತ್ತೆ.

"ನಂದೇ ಅತ್ತೆ. ಎಮ್ಮೆ ಬೀಳತ್ತೇನೋ ಅಂತ ಹಿಡಿಯೋಕೆ ಹೋದೆ. ಅಷ್ಟರಲ್ಲಿ ಇವಳು ಫೋಟೋ ತೆಗೆದುಬಿಟ್ಟಳು. ಈಗಲೇ ತೆಗೆದುಹಾಕ್ತೀನಿ."

"ಬ್ಯಾಡ್ರಿ. ಅಂದು ಯಾರರೆ ಹಂಗ ಕೈ ಚಾಚಿದ್ರ ಗಂಗಿ ಮನೀಗಿ ಬರ್ತಿತ್ತು." ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಹಾಕ್ರಿ" ಅಂದರು.

ಇಡೀ ಚಿತ್ರದಲ್ಲಿ ತಪ್ಪಾಗಿದ್ದು ಆ ಒಂದು ಕೈ. ಅದನ್ನು ಯಾರೂ ತೆಗೆಯಗೊಡುತ್ತಿಲ್ಲ. ನೋಡಿದಾಗಲೆಲ್ಲ ಅತ್ತೆ ಅದಕ್ಕೊಂದು ಕೈ ಮುಗಿಯುತ್ತಾರೆ. ನಾನು ಮಾತ್ರ ಎಮ್ಮೆಯ ಕಾಲು ನೋಡುತ್ತೇನೆ. ನಾಲ್ಕೂ ನೆಟ್ಟಗಿವೆ, ಅದು ಬೀಳುತ್ತಲೇ ಇರಲಿಲ್ಲ.