ಮಾರ್ಗರೆಟ್ಟಳ ಫೆರೆಟ್ಟಿಗೆ ಫಿಟ್ಸ್ ಬಂದ ಶನಿವಾರ

ಎದುರುಮನೆಯ ಮುದುಕಿ ಮಾರ್ಗರೆಟ್‌ಗೆ "ಆಗುವುದಿಲ್ಲ" ಎನ್ನಲು ನಾಲಿಗೆ ಏಳದೆ ಹೋದದ್ದೇ ಬದರೀನಾಥನ ಆ ಶನಿವಾರದ ಫಜೀತಿಗೆಲ್ಲ ಮೂಲ. ಆಕೆ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೊರಟಿದ್ದಳು. ಹೊರಡುವಾಗ ಒಂದು ಬುಟ್ಟಿಯನ್ನು ಅವನ ಕೈಗಿಟ್ಟಳು. ಬುಟ್ಟಿಯೊಳಗೆ ಆಸ್ಕರ್ ಇತ್ತು. ನಮ್ಮ ಮುಂಗುಸಿಯ ಸೋದರತ್ತೆ ಮಗನಂತಿರುವ, ಉದ್ದ ಮೈಯ ಫೆರೆಟ್.

"ನೀವು ಇಂಡಿಯಾದವರು. ಪ್ರಾಣಿಗಳ ವಿಷಯ ನಿಮಗೆ ನಾನು ಹೇಳಿಕೊಡಬೇಕೆ?" ಎಂದು ಟ್ಯಾಕ್ಸಿ ಹತ್ತಿದಳು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಬದರೀನಾಥ ಹಲ್ಲು ಕಿರಿದು ಕೈ ಬೀಸಿದ.

ಫೋರ್ಟ್ ಲೀ ಊರಿನ ಆ ಕಟ್ಟಡದಲ್ಲಿ ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲವೆಂದು ಅವನ ಬಾಡಿಗೆ ಕರಾರಿನಲ್ಲಿ, ಅಂದರೆ ಲೀಸ್‌ನಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆರು ತಿಂಗಳು ಅಲೆದು ಹಿಡಿದ ಮನೆ ಅದು. ಒಂದೇ ಕೋಣೆ, ಕಿಟಕಿ ತೆರೆದರೆ ಸೇತುವೆ, ಒಬ್ಬನೇ ವಾಸ, ಕೇಳುವವರಿಲ್ಲದ ನೆಮ್ಮದಿ.

ಮಾರ್ಗರೆಟ್ ಕೊಟ್ಟಿದ್ದ ಮಾಂಸದ ಡಬ್ಬಿಯನ್ನು ತೆರೆದ ಬದರೀನಾಥ ವಾಸನೆಗೆ ಹಾಗೇ ಮುಚ್ಚಿಬಿಟ್ಟ. ಅದರ ಬದಲು ಮೊಸರವಲಕ್ಕಿ ಕಲಸಿಟ್ಟ. ಆಸ್ಕರ್ ಮೂಸಿ ನೋಡಿ ಮುಖ ತಿರುಗಿಸಿತು. ಹನ್ನೊಂದು ಗಂಟೆಯ ಹೊತ್ತಿಗೆ ಹಿಂಗಾಲು ಎಳೆಯತೊಡಗಿತು. ಆಮೇಲೆ ಪಕ್ಕಕ್ಕೆ ಉರುಳಿ, ಜೊಲ್ಲು ಸುರಿಸುತ್ತ, ನಾಲ್ಕೂ ಕಾಲುಗಳನ್ನು ನೀರಿನಲ್ಲಿ ಈಜುವಂತೆ ಬಡಿಯಿತು.

ಬದರೀನಾಥ ಡೈರೆಕ್ಟರಿ ಹುಡುಕಿ ಒಬ್ಬ ಪಶುವೈದ್ಯನಿಗೆ ಫೋನ್ ಮಾಡಿದ.

"ಫೆರೆಟ್ಟೇ? ನಾನು ನಾಯಿ ಬೆಕ್ಕು ನೋಡುವವನು," ಎಂದಿತು ಆ ಕಡೆಯ ದನಿ. "ಹಿಡಿದು ಅದುಮಬೇಡಿ. ಸುತ್ತ ಬಡಿಯುವಂಥದ್ದೇನೂ ಇಡಬೇಡಿ. ಸೋಮವಾರ ಬದುಕಿದ್ದರೆ ತನ್ನಿ."

ಅವನು ದಿಂಬುಗಳನ್ನು ಸುತ್ತಲೂ ಒಡ್ಡಿ ಮಂಡಿಯೂರಿ ಕುಳಿತ. ಅಷ್ಟು ಸಣ್ಣ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುವುದನ್ನು ನೋಡಿ ಅವನ ಹೆದರಿಕೆ ಎಲ್ಲಿಗೋ ಹೋಯಿತು. ಈ ಜೀವ ಹೋದರೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರುವ ಆ ಮುದುಕಿಗೆ ಏನು ಹೇಳುವುದು? ಮೂರನೇ ಮಹಡಿಯ ಶೈಲಮ್ಮನಿಗೆ ಫೋನ್ ಮಾಡಿದ. ಆ ಕಟ್ಟಡದಲ್ಲಿ ಅವನಿಗಿದ್ದ ಕನ್ನಡದ ಮನೆ ಅದೊಂದೇ.

ಶೈಲಮ್ಮ ಒಬ್ಬಳೇ ಬರಲಿಲ್ಲ. ಧಾರವಾಡದಿಂದ ಬಂದಿದ್ದ ಅತ್ತೆ ಚನ್ನಬಸಮ್ಮ ಶಾಲು ಹೊದ್ದು ಹಿಂದೆಯೇ ಬಂದರು.

"ಮೂರ್ಛಿರೋಗ ಐತಿ ಇದಕ್ಕ. ಕೈಯಾಗ ಕಬ್ಬಿಣ ಕೊಡೋ ತಮ್ಮಾ!"

ಹೆಸರುಕಾಳಿನಷ್ಟಿದ್ದ ಅಂಗೈಗೆ ಕಬ್ಬಿಣ ಕೊಡುವುದು ಹೇಗೆ? ಬದರೀನಾಥ ಕೀಲಿಗೊಂಚಲನ್ನು ಬುಟ್ಟಿಯೊಳಗಿಟ್ಟ. ಆಸ್ಕರ್ ಒದ್ದ ಏಟಿಗೆ ಅದು ಝಣಝಣ ಎಂದಿತು. ಶೈಲಮ್ಮ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಆಸ್ಕರ್‌ನ ಕಣ್ಣು ತೇಲಿತು, ಉಳಿದ ಮೂವರ ಕಣ್ಣಲ್ಲೂ ನೀರು ಬಂತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕಟ್ಟಡ ನೋಡಿಕೊಳ್ಳುವ ಸೂಪರಿಂಟೆಂಡೆಂಟ್ ಟೋನಿ.

"ಏನು ಗಲಾಟೆ? ಏನು ವಾಸನೆ?"

ಬದರೀನಾಥನ ಗಾಬರಿ ಕಂಡ ಚನ್ನಬಸಮ್ಮ, ಟೋನಿ ಒಳಬರುವಷ್ಟರಲ್ಲಿ ಫೆರೆಟ್ಟನ್ನು ಶಾಲಿನೊಳಗೆ ಸೇರಿಸಿ ಸೋಫಾದ ಮೇಲೆ ಮಲಗಿಬಿಟ್ಟರು. ಶಾಲು ಗಡಗಡ ನಡುಗತೊಡಗಿತು.

"ನನ್ನ ತಾಯಿ," ಎಂದುಬಿಟ್ಟ ಬದರೀನಾಥ. "ಊರಿಂದ ಬಂದಿದ್ದಾರೆ. ಫಿಟ್ಸ್."

ಟೋನಿ ಒಳ್ಳೆಯ ಮನುಷ್ಯ. ಅದೇ ತೊಂದರೆಯಾಯಿತು. ಬೇಡ ಬೇಡವೆಂದರೂ ಬಿಡದೆ ಆಂಬುಲೆನ್ಸ್ ಕರೆಸಿದ. ಹತ್ತೇ ನಿಮಿಷಕ್ಕೆ ಬಿಳಿಯಂಗಿಯ ಇಬ್ಬರು ಸ್ಟ್ರೆಚರ್ ಸಮೇತ ಒಳಬಂದರು.

"ಬೆಳಗಿನಿಂದ ಊಟ ಮಾಡಿದ್ದಾರೆಯೇ?"

"ಇಲ್ಲ," ಎಂದ ಬದರೀನಾಥ, ಆಸ್ಕರ್‌ನನ್ನು ನೆನೆದು.

"ಸಕ್ಕರೆ ಕಾಯಿಲೆ?"

ಅವನು ಹೌದೆಂಬಂತೆ ತಲೆಯಾಡಿಸಿದ. ಬಿಳಿಯಂಗಿಯವರು ಗಟ್ಟಿ ಸಕ್ಕರೆ ಪಾಕದ ಲೋಟವೊಂದನ್ನು ಚನ್ನಬಸಮ್ಮನ ಕೈಗೆ ಕೊಟ್ಟರು. ಚನ್ನಬಸಮ್ಮ ಒಂದು ಗುಟುಕು ಕುಡಿದು, "ಏನ ಸಿಹಿಯೋ ಯಪ್ಪಾ!" ಎನ್ನುತ್ತ ಉಳಿದದ್ದರಲ್ಲಿ ಬೆರಳದ್ದಿ ಶಾಲಿನೊಳಗೆ ಆಸ್ಕರ್‌ನ ಒಸಡಿಗೆ ಸವರಿದರು. ಇನ್ನೊಮ್ಮೆ ಸವರಿದರು. ನಡುಕ ನಿಂತಿತು. ಬಿಳಿಯಂಗಿಯವರು ತಮ್ಮ ಔಷಧಿಯನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದಾಗ, ಶಾಲಿನ ಅಂಚಿನಿಂದ ಮೀಸೆ ನೆಕ್ಕುತ್ತ ಒಂದು ಮೂತಿ ಹೊರಬಂತು.

ಬದರೀನಾಥ ಮನಸ್ಸಿನಲ್ಲೇ ಸಾಮಾನು ಕಟ್ಟತೊಡಗಿದ.

"ಅರೆ, ಆಸ್ಕರ್!" ಎಂದ ಟೋನಿ. "ಪಾಪ, ಹಸಿದರೆ ಇದಕ್ಕೂ ಹೀಗೇ ಆಗುತ್ತದೆ. ಮಾರ್ಗರೆಟ್ ಒಸಡಿಗೆ ಜೇನು ಹಚ್ಚುತ್ತಾಳೆ. ನಿಮಗೆ ಹೇಳಲಿಲ್ಲವೇ?"

"ಪ್ರಾಣಿ ಇಡಬಾರದಲ್ಲ?" ಎಂದ ಬದರೀನಾಥ.

"ಅವಳದು ಹಳೆಯ ಲೀಸ್. ಇಡಬಹುದು."

ಬದರೀನಾಥನಿಗೆ ಮೈ ಹಗುರಾಯಿತು. ಬಿಳಿಯಂಗಿಯವರು ಹೊರಟುಹೋದರು. ಟೋನಿ ಮಾತ್ರ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ಆದರೆ ನಿಮ್ಮ ಲೀಸ್ ಒಬ್ಬರಿಗೇ ಇರುವುದು. ತಾಯಿಯ ವಿಷಯ ತಿಳಿಸಿಲ್ಲ. ಮಾಲೀಕರಿಗೆ ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾರೆ."

"ನನ್ನ ತಾಯಿ ಅಲ್ಲ!" ಎಂದು ಕೂಗಿದ ಬದರೀನಾಥ. "ಇವರ ಅತ್ತೆ. ಮೂರನೇ ಮಹಡಿ. ಹೇಳಿ ಶೈಲಮ್ಮನವರೇ!"

ಟೋನಿ ಶೈಲಮ್ಮನ ಕಡೆ ತಿರುಗಿದ. ಆಕೆಯ ಲೀಸ್‌ನಲ್ಲೂ ಗಂಡ ಹೆಂಡತಿ ಇಬ್ಬರದೇ ಹೆಸರು. ಅತ್ತೆ ಬಂದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳೂ ಆಕೆಯ ಮುಖದ ಮೇಲೆ ಒಮ್ಮೆ ಹಾದುಹೋದವು.

"ಪಾಪ, ಗಾಬರೀಲಿ ಏನೇನೋ ಹೇಳ್ತಿದಾರೆ," ಎಂದು ಟೋನಿಗೆ ಇಂಗ್ಲಿಷಿನಲ್ಲಿ ಹೇಳಿ, ಸೇರಿಸಿದಳು, "ಹಿ ಈಸ್ ಹರ್ ಓನ್ಲಿ ಸನ್."

ಟೋನಿಯ ಕಣ್ಣು ತುಂಬಿತು. ಕಾಯಿಲೆಯ ತಾಯಿಯನ್ನು ಬೀದಿಗೆ ಹಾಕುವಷ್ಟು ಕಟುಕ ತಾನಲ್ಲವೆಂದ. ಫಾರಮ್ ತಂದು, ಆಕೆಯ ಹೆಸರು ಸೇರಿಸಿ, ಬದರೀನಾಥನ ಬೆನ್ನು ತಟ್ಟಿ ಸಹಿ ಹಾಕಿಸಿಕೊಂಡ. ದಿನಾ ಒಮ್ಮೆ ಬಂದು ಆಕೆಯನ್ನು ವಿಚಾರಿಸಿಕೊಳ್ಳುತ್ತೇನೆಂದೂ ಹೇಳಿದ.

ಸಂಜೆಗೆ ಅತ್ತೆಯ ಟ್ರಂಕು, ಚಾಪೆ, ರೊಟ್ಟಿಯ ಹಂಚು ಮೂರನೇ ಮಹಡಿಯಿಂದ ಮೇಲೆ ಬದರೀನಾಥನ ಕೋಣೆಗೆ ಬಂದವು. ಚನ್ನಬಸಮ್ಮ ಆಸ್ಕರ್‌ನನ್ನು ತೊಡೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕಾಲು ಮಡಚಿ ಕುಳಿತರು. ಸುತ್ತ ಒಮ್ಮೆ ನೋಡಿ, ಬದರೀನಾಥನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ನೆಮ್ಮದಿಯಾಗಿ ಉಸಿರುಬಿಟ್ಟರು.

"ಬಾ, ಇಲ್ಲೆ ಕುಂದರು. ಈಗ ಹೇಳು. ಇಷ್ಟ ವಯಸ್ಸಾದ್ರೂ ಯಾಕ ಲಗ್ನ ಆಗಿಲ್ಲ ನೀ?"