ಪುದೀನಾ ಪಾತಿಯ ಮಿಂಚುಹುಳು

ಜಗಳ ಶುರು ಮಾಡುವುದು ಸುಲಭ, ಮುಗಿಸುವುದೇ ಕಷ್ಟ. ಕಾರಣ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಚಿಕ್ಕದಾಗಿದ್ದರಂತೂ ಇನ್ನೂ ಕಷ್ಟ. ಮಸಗುಪ್ಪಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವವರು ನನ್ನ ಗಂಡನ ಅಣ್ಣನ ಹೆಂಡತಿ ಶಾಂತಕ್ಕ. ನನ್ನ ಶೇಂಗಾ ಚಟ್ನಿಯನ್ನು ಅವರು ಬೀಗರೆದುರು ‘ಬರೇ ಸಪ್ಪಗ ಐತಿ’ ಅಂದರು. ಅಷ್ಟಕ್ಕೇ ನಾವಿಬ್ಬರೂ ವರ್ಷದಿಂದ ಮಾತು ಬಿಟ್ಟಿದ್ದೆವು. ಹಿತ್ತಲು ಮಾತ್ರ ಇಬ್ಬರಿಗೂ ಒಂದೇ. ಎಮ್ಮೆಗಳ ಹತ್ತಿರ ಹಾವುಗಳು ಬರುತ್ತವೆಂದು ಶಾಂತಕ್ಕ ಅಲ್ಲೊಂದು ಫೋಕಸ್ ಲೈಟ್ ಹಾಕಿಸಿದರು. ಅದರ ಬೆಳಕು ನೇರ ನನ್ನ ಅಡುಗೆಮನೆಗೆ ಬೀಳುತ್ತಿತ್ತು. ಬೇಕಂತಲೇ ಮಾಡಿದ್ದಾರೆಂದು ನಾನು ಸಿಟ್ಟಾಗಿದ್ದೆ. ಅದೇ ಬೆಳಕಿನಲ್ಲಿ ರೊಟ್ಟಿ ಬಡಿಯುತ್ತಿದ್ದೆನೆನ್ನುವುದು ಬೇರೆ ಮಾತು.

ನಾನು ಮೂಡಲಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ತತ್ತಿ, ಮರಿಹುಳು, ಕೋಶ, ಪ್ರೌಢ ಕೀಟ ಎಂದು ಬೋರ್ಡಿನ ಮೇಲೆ ಪ್ರತಿವರ್ಷ ಚಿಟ್ಟೆಯದೇ ಚಿತ್ರ ಬಿಡಿಸಿ ಕೈ ಪಳಗಿದೆ. ಕಳೆದ ಮಳೆಗಾಲದ ಕೊನೆಗೆ, ಬಚ್ಚಲ ನೀರು ಹರಿಯುವ ಪುದೀನಾ ಪಾತಿಯಲ್ಲಿ ಒಂದು ಕರಿಯ ಹುಳ ಕಂಡಿತು. ಬೆನ್ನ ತುಂಬ ಹಲಗೆ ಜೋಡಿಸಿದಂತಿತ್ತು. ಅದು ಒಂದು ಬಸವನಹುಳುವಿನ ಚಿಪ್ಪಿನೊಳಗೆ ತಲೆ ತೂರಿಸಿ ಊಟ ಮಾಡುತ್ತಿತ್ತು. ನಮ್ಮ ಅಪ್ಪಟ ಶಾಖಾಹಾರಿ ಮನೆಯ ಹಿತ್ತಲಲ್ಲಿ! ಎತ್ತಿ ಆಚೆ ಎಸೆಯಬೇಕೆಂದುಕೊಂಡಾಗ ಅದರ ಬಾಲದ ತುದಿಯಲ್ಲಿ ಎರಡು ಹಸಿರು ಚುಕ್ಕೆ ಮಿನುಗಿದವು. ಮಿಂಚುಹುಳುವಿನ ಮರಿ. ಓದಿ ನೋಡಿದೆ: ಬಸವನಹುಳುವನ್ನು ವಿಷ ಚುಚ್ಚಿ ಮರಗಟ್ಟಿಸಿ ತಿನ್ನುತ್ತದೆ, ತಿಂಗಳುಗಟ್ಟಲೆ ನೆಲದಲ್ಲೇ ಬೆಳೆಯುತ್ತದೆ, ಮಣ್ಣಿನಲ್ಲಿ ಗೂಡು ಮಾಡಿ ಕೋಶವಾಗುತ್ತದೆ. ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ. ಆಗ ಎಷ್ಟೋ ಜಾತಿಯವು ಊಟವನ್ನೂ ಮಾಡುವುದಿಲ್ಲ. ಇಷ್ಟು ಕಷ್ಟಪಟ್ಟು ದೊಡ್ಡದಾಗುವುದು ಒಂದು ಜೋಡಿ ಹುಡುಕುವುದಕ್ಕಾಗಿ. ಪಾತಿಯನ್ನು ಅಗೆಯುವುದನ್ನೇ ಬಿಟ್ಟೆ.

ಈ ವರ್ಷ ಮೊದಲ ಮಳೆ ಬಿದ್ದ ಮೇಲೆ ಅವು ಬಂದವು. ಆದರೆ ಫೋಕಸ್ ಲೈಟಿನ ಬೆಳಕಿನಲ್ಲಿ ಅವುಗಳ ಮಿಂಚು ತೊಳೆದುಹೋದಂತಿತ್ತು. ಗೋಡೆಯ ನೆರಳಿನಲ್ಲಿ ಸುಮ್ಮನೆ ಅಲೆಯುತ್ತಿದ್ದವು. ಎರಡು ಸಂಜೆ ನೋಡಿ ಸಂಕಟಪಟ್ಟೆ. ಮೂರನೆಯ ಸಂಜೆ ಶಾಂತಕ್ಕನ ಬಾಗಿಲಿಗೆ ಹೋದೆ.

“ಅಕ್ಕಾರ, ಹಿತ್ತಲ ಲೈಟ್ ಸ್ವಲ್ಪ ದಿನ ಆರಸ್ತೀರೇನ್ರಿ?”

“ಯಾಕ, ನಿನ್ನ ಕಣ್ಣಿಗೆ ಚುಚ್ಚಾಕತ್ತೈತೇನು?”

“ನನಗಲ್ರಿ, ಮಿಂಚುಹುಳಕ್ಕ. ಗಂಡು ಮಿಂಚಿ ಕರೀತೈತಿ, ಹೆಣ್ಣು ಗಿಡದಾಗ ಕುಂತು ಮಿಂಚಿ ಹೂಂ ಅಂತೈತಿ. ಈ ಬೆಳಕಿನ್ಯಾಗ ಒಂದಕ್ಕೊಂದು ಕಾಣಂಗಿಲ್ರಿ. ಜೋಡಿ ಸಿಗಲಿಲ್ಲಂದ್ರ ತತ್ತಿ ಇಲ್ಲ, ಮುಂದ ಇಲ್ಲಿ ಹುಳಾನೂ ಇರಂಗಿಲ್ಲ.”

ಶಾಂತಕ್ಕ ನನ್ನನ್ನೇ ನೋಡಿದರು. “ವರ್ಷ ಆದಮ್ಯಾಲ ಬಾಯಿ ಬಿಟ್ಟಿ. ಅದೂ ಹುಳದ ಲಗ್ನದ ಸಲುವಾಗಿ!”

ಆದರೂ ಲೈಟ್ ಆರಿಸಿ, ಟಾರ್ಚ್ ಹಿಡಿದು ಬಂದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕುಳಿತೆವು. ಬಹಳ ಹೊತ್ತು ಏನೂ ಆಗಲಿಲ್ಲ.

“ಎಲ್ಲಿ ನಿನ್ನ ವರ?” ಎಂದರು.

ಅಷ್ಟರಲ್ಲಿ ಒಂದು ಹುಳ ಮಿಂಚುತ್ತ ಪಾತಿಯ ಮೇಲೆ ಬಂತು. ಇನ್ನೊಮ್ಮೆ ಮಿಂಚಿತು. ಕೆಳಗೆ ಎಲೆಗಳ ನಡುವಿನಿಂದ, ಮಂದವಾಗಿ, ಒಂದು ಉತ್ತರ ಬಂತು.

“ಹೂಂ ಅಂತು ನೋಡ!” ಎಂದು ಶಾಂತಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಆಮೇಲೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ, “ಬೀಗರ ಮುಂದ ನಾ ಹಂಗ ಅನಬಾರದಿತ್ತು” ಎಂದರು.

“ಉಪ್ಪು ಕಡಿಮಿ ಆಗಿದ್ದು ಖರೇರಿ ಅಕ್ಕಾರ.”

ಅಂದಿನಿಂದ ದಿನವೂ ಸಂಜೆ ಆ ಕಲ್ಲಿನ ಮೇಲೆ ನಮ್ಮ ಮಾತು. ವರ್ಷದ ಬಾಕಿ ಮಾತು ಅಷ್ಟು ಬೇಗ ತೀರುತ್ತದೆಯೇ? ಜೂನ್ ಕಳೆಯುತ್ತಿದ್ದಂತೆ ಹುಳಗಳು ಒಂದೊಂದಾಗಿ ಕಾಣದಾದವು.

“ಲಗ್ನ ಎಲ್ಲಾ ಮುಗದುವಲ್ಲ, ಇನ್ನ ಲೈಟ್ ಹಚ್ಚಲೇನು?” ಎಂದು ಶಾಂತಕ್ಕ ಕೇಳಿದರು.

“ಬ್ಯಾಡ್ರಿ! ಮಣ್ಣಾಗ ತತ್ತಿ ಅದಾವು. ಮರಿ ಹೊರಗ ಬಂದ್ರ ಅವಕ್ಕೂ ಕತ್ತಲಿ ಬೇಕು. ಬಾಜೂಕ ಯಾರರೆ ಕುಂತು ಮಾತಾಡ್ತಿದ್ರ ಭಾಳ ಚಲೋ” ಎಂದೆ.

ಕೊನೆಯ ಮಾತು ಯಾವ ವಿಜ್ಞಾನದಲ್ಲೂ ಇಲ್ಲ. ಟೀಚರ್ ಹೇಳಿದ್ದಾಳೆಂದು ಶಾಂತಕ್ಕ ನಂಬಿದ್ದಾರೆ. ಈಗ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ನಿನ್ನೆ ನನ್ನದೇ ತರಗತಿಯ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಅದನ್ನೇ ಬರೆದಿದ್ದಾಳೆ. ತಪ್ಪೆಂದು ಗೀಟು ಹಾಕಲು ಪೆನ್ನು ಎತ್ತಿದವಳು ಇನ್ನೂ ಹಾಗೇ ಕುಳಿತಿದ್ದೇನೆ.